ಪಿಟೀಲಿನ ಕೆಳಗಿದ್ದ ರಾಗಿ

ಹೋದ ವಾರ ಕೊರಟಗೆರೆಯಿಂದ ಮಧುಗಿರಿಗೆ ಹೋಗುವಾಗ ರಸ್ತೆಯ ಮೇಲೆ ರಾಗಿ ತೆನೆ ಹರಡಿದ್ದರು. ಬಸ್ಸು ಲಾರಿ ಏನೇ ಬಂದರೂ ಅದರ ಮೇಲೆಯೇ ಹರಿದು ಹೋಗಬೇಕು. ಪುಕ್ಕಟೆ ಒಕ್ಕಣೆ ಆಯಿತು ಅಂತ ರೈತರಿಗೆ ಸಮಾಧಾನ, ಚಕ್ರಕ್ಕೆ ಹುಲ್ಲು ಸುತ್ತಿಕೊಂಡಿತು ಅಂತ ಡ್ರೈವರುಗಳಿಗೆ ಸಂಕಟ. ಕಾರಿನ ಕಿಟಕಿ ಇಳಿಸಿಕೊಂಡಿದ್ದೆ. ಹೊಟ್ಟಿನ ಧೂಳು ಮೂಗಿಗೆ ಅಡರಿ ಮೇಲಿಂದ ಮೇಲೆ ಸೀನಿದೆ. ಸೀನು ನಿಂತ ಮೇಲೆ ನೋಡಿದರೆ ನಗುತ್ತಿದ್ದೇನೆ. ಆ ವಾಸನೆಗೆ ನನ್ನ ಕೆಲಸದ ಬದುಕಿನ ಅತ್ಯಂತ ಒಳ್ಳೆಯ ಸುಗ್ಗಿ ನೆನಪಾಗಿತ್ತು. ಹೊಲ ಉತ್ತು ಬೆಳೆದ ಸುಗ್ಗಿ ಅಲ್ಲ ಅದು, ಒಂದು ಹಳೆಯ ಸಿನಿಮಾದ ಸುಗ್ಗಿ.

ನನ್ನ ಕೆಲಸ ಏನು ಅಂತ ಮೊದಲು ಹೇಳಿಬಿಡಬೇಕು. ಯಾರಾದರೂ ಕೇಳಿದರೆ ನಮ್ಮಮ್ಮ "ನನ್ ಮಗ್ಳು ಸಿನಿಮಾ ತೊಳೀತಾಳೆ" ಅನ್ನುತ್ತಿದ್ದಳು. ಅದಕ್ಕಿಂತ ಚೆನ್ನಾಗಿ ನನಗೂ ಹೇಳಲು ಬರುವುದಿಲ್ಲ. ಹಳೆಯ ಫಿಲ್ಮಿನ ಸುರುಳಿಗಳನ್ನು ಚೌಕಟ್ಟು ಚೌಕಟ್ಟಾಗಿ ಕಂಪ್ಯೂಟರಿಗೆ ಇಳಿಸಿ, ಗೀರು, ಕಲೆ, ಕೂದಲೆಳೆ ತೆಗೆದು, ಮನೆಯಲ್ಲಿ ನೋಡುವ ಡಿಸ್ಕಿಗೆ ಸಿದ್ಧಮಾಡುವುದು. ಚಿತ್ರ ನನ್ನ ಪಾಲು, ಧ್ವನಿ ಫಯಾಜನ ಪಾಲು. ಫಯಾಜ್ ಶಿರಾದವನು, ನಾನು ಕೊರಟಗೆರೆಯವಳು. ಜಗಳಕ್ಕೆ ನಾನು ಮುಂದೆ, ತಾಳ್ಮೆಗೆ ಅವನು ಮುಂದೆ. ಇಬ್ಬರದೂ ಹಟ ಮಾತ್ರ ಒಂದೇ: ಚಿತ್ರ ಮಾಡಿದವರು ಏನು ತೋರಿಸಿದರೋ ಏನು ಕೇಳಿಸಿದರೋ, ಮನೆಯ ಪರದೆಯಲ್ಲೂ ಅದೇ ಬರಬೇಕು. ಎಳ್ಳಷ್ಟು ಹೆಚ್ಚೂ ಬೇಡ, ಕಮ್ಮಿಯೂ ಬೇಡ.

ಆ ವರ್ಷ ದೀಪಾವಳಿ ಮುಗಿದ ಮೇಲೆ ಒಂದು ಕಂಪನಿಯವರು ಕಪ್ಪು-ಬಿಳುಪಿನ ಒಂದು ಚಿತ್ರವನ್ನು ತಂದರು. ಮಧುಗಿರಿ ಬೆಟ್ಟದ ಹಿಂಬದಿಯ ಹಳ್ಳಿಯೊಂದರಲ್ಲಿ ತೆಗೆದದ್ದು. ಆ ಸೀಮೆಯವರು ಅದನ್ನು ಹೆಸರು ಹಿಡಿದು ಕರೆಯುವುದಿಲ್ಲ, "ನಮ್ ಸಿನಿಮಾ" ಅನ್ನುತ್ತಾರೆ. ನಾನೂ ಹಾಗೇ ಅನ್ನುತ್ತೇನೆ. ಕಂಪನಿಯ ಪರವಾಗಿ ಬಂದವನು ಪ್ರಶಾಂತ್, ನಮ್ಮ ವಯಸ್ಸಿನವನೇ, ಕೆಟ್ಟವನಲ್ಲ, ಆದರೆ ಗಿರಾಕಿಯನ್ನು ಕಂಡರೆ ಹೆದರುವವನು. ಈಗಿನ ಟಿ.ವಿ.ಗಳು ಅಗಲ, ಹಳೆಯ ಚಿತ್ರ ಚೌಕ, ಮೇಲೆ ಕೆಳಗೆ ಸ್ವಲ್ಪ ಕತ್ತರಿಸಿ ಪರದೆ ತುಂಬಿಸೋಣ ಅಂದ. ಬೆಟ್ಟದ ತಲೆಯನ್ನೂ ಕೂತವರ ಕಾಲನ್ನೂ ಕತ್ತರಿಸಿದರೆ ಉಳಿಯುವುದು ಎಲ್ಲರ ಹೊಟ್ಟೆ ಮಾತ್ರ, ಅದನ್ನು ನೋಡಲು ಡಿಸ್ಕ್ ಯಾಕೆ ಅಂದೆ. ಅವತ್ತಿಗೆ ಆ ಮಾತು ಮುಗಿಯಿತು.

ತಂಟೆ ಶುರುವಾದದ್ದು ಕಣದ ದೃಶ್ಯದಿಂದ. ನಮ್ಮ ಕೈಗೆ ಬರುವ ಮೊದಲೇ ಇನ್ನೆಲ್ಲೋ ಆ ಸುರುಳಿಯನ್ನು ತಾನೇತಾನಾಗಿ ಶುಚಿಮಾಡುವ ಸಾಫ್ಟ್‌ವೇರಿಗೆ ಹಾಕಿ ತೆಗೆದಿದ್ದರು. ಪರದೆಯ ಮೇಲೆ ನೋಡುತ್ತೇನೆ, ಹೆಂಗಸೊಬ್ಬಳು ಕಣದಲ್ಲಿ ನಿಂತು ಮೊರ ಎತ್ತಿ ರಾಗಿ ತೂರುತ್ತಿದ್ದಾಳೆ. ಕಾಳು ಕೆಳಗೆ ಬೀಳುತ್ತಿದೆ, ಸೆರಗು ಗಾಳಿಗೆ ಹಾರುತ್ತಿದೆ, ಆದರೆ ಒಂದು ಎಸಳು ಹೊಟ್ಟೂ ಹಾರುತ್ತಿಲ್ಲ. ಕಾಮಾಲೆ ಕಣ್ಣಿಗೆ ಕಾಣೋದೆಲ್ಲಾ ಹಳದಿ ಅಂತಾರಲ್ಲ, ಹಾಗೆ ಆ ಸಾಫ್ಟ್‌ವೇರಿಗೆ ಹಾರುವುದೆಲ್ಲಾ ಕಸ. ಹೊಟ್ಟನ್ನು ಧೂಳೆಂದು ತಿಳಿದು ಪೂರ್ತಿ ಒರೆಸಿ ಹಾಕಿತ್ತು. ನಕ್ಕೆ, ಆಮೇಲೆ ಮೈ ಉರಿಯಿತು.

ಮೂಲ ಸುರುಳಿಯನ್ನು ತರಿಸಿ ಮೊದಲಿನಿಂದ ಕೂತೆ. ಫಿಲ್ಮಿನ ಮೇಲಿನ ಧೂಳು ಒಂದು ಚೌಕಟ್ಟಿನಲ್ಲಿ ಕಂಡು ಮುಂದಿನದರಲ್ಲಿ ಮಾಯವಾಗುತ್ತದೆ. ನಿಜವಾದ ಹೊಟ್ಟು ಒಂದು ಚೌಕಟ್ಟಿನಿಂದ ಇನ್ನೊಂದಕ್ಕೆ ಗಾಳಿಯ ಜೊತೆ ಒಂದೇ ದಿಕ್ಕಿಗೆ ಸಾಗುತ್ತದೆ. ಆ ಭೇದ ಹಿಡಿದು ಒಂದೊಂದು ಚೌಕಟ್ಟನ್ನೂ ಕೈಯಲ್ಲಿ ಆರಿಸಿದೆ. ನಮ್ಮಜ್ಜಿ ಮೊರದಲ್ಲಿ ಜಳ್ಳು ಕಾಳು ಬೇರೆ ಮಾಡುತ್ತಿದ್ದಳು, ಮೊಮ್ಮಗಳು ಮೌಸ್ ಹಿಡಿದು ಅದನ್ನೇ ಮಾಡಿದಳು. ಹೊಟ್ಟು ಮತ್ತೆ ಹಾರಿದ ದಿನ ನಾನೇ ಹೋಗಿ ಎಲ್ಲರಿಗೂ ಬೋಂಡ ತಂದೆ.

ಅದೇ ದೃಶ್ಯದ ಧ್ವನಿ ಮಾತ್ರ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ತೂರಿದ ಮೇಲೆ ರಾಶಿ ಮಾಡಿ, ಪೂಜೆ ಮಾಡಿ, ಯುವಕನೊಬ್ಬ ಕೊಳಗ ಹಿಡಿದು ಅಳೆಯಲು ಕೂರುತ್ತಾನೆ. ಅಲ್ಲಿಗೆ ಹಿನ್ನೆಲೆ ಸಂಗೀತ ನಿಲ್ಲುತ್ತದೆ. ಅವನ ತುಟಿ ಅಲ್ಲಾಡುತ್ತದೆ, ಆದರೆ ನಮ್ಮ ಪ್ರಿಂಟಿನಲ್ಲಿ ಸರಿಯಾಗಿ ಆ ಜಾಗದಲ್ಲೇ ಫಿಲ್ಮಿನ ಸದ್ದಿರುವ ಅಂಚು ಹರಿದು ತೇಪೆ ಹಾಕಿದ್ದರಿಂದ ಮಾತು ಹೋಗಿತ್ತು. ಆಮೇಲೆ ಬರೀ ಗೀರಿನ ಗರಗರ. ಬಹಳ ಹಿಂದೆ ಇದೇ ಚಿತ್ರ ಸಿ.ಡಿ.ಯಾಗಿ ಬಂದಾಗ ಮಾಡಿದವರು, ಇಲ್ಲಿ ಸದ್ದು ಹಾಳಾಗಿದೆ ಎಂದುಕೊಂಡು ಪಿಟೀಲು ತುಂಬಿದ್ದರು. ಪ್ರಶಾಂತ್ ಆ ಸಿ.ಡಿ.ಯನ್ನು ಮಾದರಿ ಅಂತ ಕೊಟ್ಟು, ನೀವೂ ಪಿಟೀಲು ಹಾಕಿ, ಈ ಸಲ ಕೋಣೆಯ ಐದೂ ಕಡೆಯಿಂದ ಬರಲಿ ಅಂದ.

"ಅಲ್ಲಿ ಸಂಗೀತ ಇರೋಕೇ ಸಾಧ್ಯ ಇಲ್ಲ," ಅಂದೆ. ನಮ್ಮ ಕಡೆ ರಾಶಿ ಅಳೆಯುವಾಗ ಯಾರೂ ಮಾತಾಡುವುದಿಲ್ಲ. ಕಣಕ್ಕೆ ಚಪ್ಪಲಿ ಹಾಕಿಕೊಂಡು ಕಾಲಿಡುವುದಿಲ್ಲ. ಮೊದಲ ಕೊಳಗಕ್ಕೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ; ಮುಂದಿನ ಲೆಕ್ಕ ಮನಸ್ಸಿನಲ್ಲೇ. ನಮ್ಮ ತಾತ ಅಳೆಯುವಾಗ ಕೆಮ್ಮು ಬಂದರೆ ನಾವು ಮಕ್ಕಳು ಕಣ ಬಿಟ್ಟು ಓಡಿಹೋಗಿ ಕೆಮ್ಮಿ ಬರುತ್ತಿದ್ದೆವು.

"ನಿಮ್ಮ ಕಡೆಯ ಪದ್ಧತಿ ಸರಿ," ಅಂದ ಪ್ರಶಾಂತ್. "ಆದರೆ ಈ ಚಿತ್ರದಲ್ಲೂ ಹಾಗೇ ಇತ್ತು ಅನ್ನೋಕೆ ಏನು ಆಧಾರ? ಟಿ.ವಿ. ಮುಂದೆ ಕೂತವರು ಡಿಸ್ಕ್ ಕೆಟ್ಟಿದೆ ಅಂತ ವಾಪಸ್ ಕಳಿಸ್ತಾರೆ. ಸಂಕ್ರಾಂತಿ ಒಳಗೆ ಆಧಾರ ತನ್ನಿ, ಇಲ್ಲ ಅಂದ್ರೆ ಪಿಟೀಲು."

ನಾನೂ ಫಯಾಜನೂ ಚಿತ್ರ ತೆಗೆದ ಹಳ್ಳಿಗೆ ಹೋದೆವು. ಹಳ್ಳಿಯ ಹೆಸರು ಬರೆಯುವುದಿಲ್ಲ, ಬರೆದರೆ ಅಲ್ಲಿರುವ ಒಬ್ಬರಿಗೆ ಕೊಬ್ಬು ಇನ್ನೂ ಜಾಸ್ತಿಯಾಗುತ್ತದೆ. ಅರಳಿಕಟ್ಟೆಯಲ್ಲಿ ಕೂತವರನ್ನು ನಮ್ ಸಿನಿಮಾದಲ್ಲಿ ಪಾರ್ಟು ಮಾಡಿದವರು ಯಾರಾದರೂ ಇದ್ದಾರಾ ಅಂತ ಕೇಳಿದ್ದೇ ತಡ, ಕಟ್ಟೆಯ ತುಂಬ ನಗು. "ಲಾಭದ ತಿಮ್ಮಣ್ಣನ್ನ ಕೇಳಿ, ಸಂಜೆಗಂಟ ಹೇಳ್ತಾನೆ," ಅಂದರು.

ತಿಮ್ಮಣ್ಣನಿಗೆ ಎಂಬತ್ತು ದಾಟಿತ್ತು. ಮೀಸೆ ಬೆಳ್ಳಗಾಗಿದ್ದರೂ ಅದನ್ನು ತೀಡುವ ಬೆರಳು ಗಟ್ಟಿಯಾಗಿತ್ತು. ಕೊಳಗ ಹಿಡಿದಿದ್ದ ಆ ಯುವಕ ಅವನೇ. ಕೇಳುವ ಮೊದಲೇ ಹೇಳತೊಡಗಿದ.

"ನಮ್ಮಪ್ಪ ಅಳೀಬೇಕಿತ್ತು ಕಣಮ್ಮ. ಮೈಕ್ ಕಂಡು ಹೆದ್ರಿ ಕೊಳಗ ನನ್ ಕೈಗ್ ಕೊಟ್ಬುಟ್ಟ. ಸಿನಿಮಾಕ್ಕೆ ಅಂತ ಮಾಡಿದ್ ರಾಶಿ ಅಲ್ಲ ಅದು, ನಮ್ ಮನೇ ರಾಗಿ. ಕಣದಾಗೆ ಯಾರೂ ತುಟಿ ಪಿಟಕ್ ಅನ್ನಂಗಿಲ್ಲ ಅಂತ ನಮ್ಮಪ್ಪ ಕಂಡೀಷನ್ ಆಕ್ದ. ಡೈರೆಕ್ಟ್ರು ಒಪ್ಕಂಡ್ರು. ಸ್ಟಾರ್ಟ್ ಅನ್ನಂಗಿಲ್ಲ, ಕಟ್ ಅನ್ನಂಗಿಲ್ಲ. ಟವಲ್ ಬೀಸಿದ್ರೆ ಸುರು, ಟವಲ್ ಇಳಿಸಿದ್ರೆ ನಿಲ್ಸು. ನಾನು ಲಾಭ ಅಂದೆ. ಅದೊಂದೇ ಮಾತು. ಅದು ನಂದೇ ದನಿ, ಬ್ಯಾರೇರ್ದಲ್ಲ."

"ಮತ್ತೆ ಊರವರು ಯಾಕೆ ನಗ್ತಾರೆ?" ಅಂದ ಫಯಾಜ್.

ಮೀಸೆಯ ಮೇಲಿನ ಬೆರಳು ನಿಂತಿತು. ಸಿ.ಡಿ. ಬಂದಾಗ ಮಗ ಅದನ್ನು ಕೊಂಡು ತಂದು ಬೀದಿಯವರನ್ನೆಲ್ಲ ಕರೆದು ಕೂರಿಸಿದ್ದನಂತೆ. ಆ ಹೊತ್ತು ಬಂದಾಗ ಪಿಟೀಲು ಕುಯ್ಯೋ ಅಂದಿತು, ಪರದೆಯ ಮೇಲೆ ತಿಮ್ಮಣ್ಣ ಬಾಯಿ ಆಡಿಸಿದ, ದನಿ ಬರಲಿಲ್ಲ. "ನಗೋರ ಮುಂದೆ ಎಡವಿ ಬಿದ್ದಂಗಾತು ಕಣಮ್ಮ. ಅವತ್ತಿಂದ ಲಾಭದ ತಿಮ್ಮಣ್ಣ ಅಂತಾರೆ. ಬರೀ ಬಾಯಿ ಅಂತಾರೆ. ಬ್ಯಾರೆ ವಿಷ್ಯಕ್ ನಾನ್ ಏನ್ ಹೇಳುದ್ರೂ ‘ಪಿಟೀಲು ಕುಯ್ಬ್ಯಾಡ’ ಅಂತಾರೆ. ನನ್ ಮಾತ್ಗೆ ಬೆಲೇನೇ ಇಲ್ದಂಗ್ ಮಾಡ್ಬುಟ್ರು."

ಅವನು ಜಂಬದ ಮನುಷ್ಯ, ಅದರಲ್ಲಿ ಸಂಶಯವಿಲ್ಲ. ಆದರೆ ಅಲ್ಲಿಯವರೆಗೆ ಪಿಟೀಲಿನ ಮೇಲಿನ ನನ್ನ ಸಿಟ್ಟು ಬರೀ ಕಸುಬಿನ ಸಿಟ್ಟಾಗಿತ್ತು. ಈಗ ಒಬ್ಬ ಮನುಷ್ಯನ ಮಾತನ್ನು ಅವನ ಬಾಯಿಗೆ ವಾಪಸ್ ಕೊಡಿಸಬೇಕಾಗಿತ್ತು.

ದಾರಿ ತೋರಿಸಿದ್ದೂ ಅವನ ಜಂಬವೇ. ಚಿತ್ರ ಬಂದ ಕಾಲದಲ್ಲಿ ತನ್ನ ದನಿ ಕೇಳಲು ಸುತ್ತಮುತ್ತ ಎಲ್ಲೆಲ್ಲಿ ಆಟವಿತ್ತೋ ಅಲ್ಲೆಲ್ಲ ಸೈಕಲ್ ತುಳಿದಿದ್ದ. ಕೊನೆಗೆ ಪಾವಗಡದ ಕಡೆ ಒಂದು ಟೂರಿಂಗ್ ಟೆಂಟಿನವರು ಚಿಕ್ಕ ಅಳತೆಯ ಪ್ರಿಂಟನ್ನು ಕೊಂಡೇಬಿಟ್ಟಿದ್ದರಂತೆ, ವರ್ಷ ವರ್ಷ ಸುಗ್ಗಿ ಮುಗಿದ ಮೇಲೆ ಹಾಕುತ್ತಿದ್ದರಂತೆ. ಟೆಂಟಿನ ಯಜಮಾನ ಕ್ಯಾತಗಾನಚೆರ್ಲುವಿನವನು ಅಂದ.

ಕ್ಯಾತಗಾನಚೆರ್ಲು ತಲುಪಿದಾಗ ಬಿಸಿಲು ನೆತ್ತಿಗೇರಿತ್ತು. ಹೊಲಗಳಲ್ಲಿ ಕಣ್ಣು ಹೋದಷ್ಟು ದೂರ ಸೋಲಾರ್ ಫಲಕಗಳು, ಎಲ್ಲವೂ ಒಂದೇ ಕಡೆ ಮುಖ ಮಾಡಿ ಕೂತಿದ್ದವು. ಟೆಂಟಿನ ಯಜಮಾನ ತೀರಿಹೋಗಿದ್ದ. ಮಗಳು ಲಕ್ಷ್ಮೀದೇವಮ್ಮ ಇದ್ದರು, ಎಪ್ಪತ್ತರ ಹತ್ತಿರದವರು, ಕನ್ನಡದಲ್ಲಿ ಹೊರಟು ತೆಲುಗಿನಲ್ಲಿ ತಲುಪುವ ಮಾತು. ಸಿನಿಮಾ ಡಬ್ಬಿ ಅಂದ ಕೂಡಲೇ ಒಳಗೆ ಕರೆದರು. ದಪ್ಪ ಮಣ್ಣಿನ ಗೋಡೆಯ ಮಾಳಿಗೆ ಮನೆ, ಮೂಲೆಯಲ್ಲಿ ರಾಗಿ ತುಂಬಿಡುವ ಆಳೆತ್ತರದ ಮಣ್ಣಿನ ವಾಡೆ. ಹೊಲ ಸೋಲಾರಿಗೆ ಕೊಟ್ಟ ಮೇಲೆ ವಾಡೆಯಲ್ಲಿ ರಾಗಿ ಇರಲಿಲ್ಲ. ಅದರೊಳಗೆ ಬೂದಿ ಹಾಕಿ, ಗೋಣಿಚೀಲ ಸುತ್ತಿ, ಫಿಲ್ಮಿನ ಡಬ್ಬಿಗಳನ್ನು ಜೋಡಿಸಿಟ್ಟಿದ್ದರು.

ತೇವದಲ್ಲಿ ಬಿದ್ದ ಫಿಲ್ಮ್ ಹುಳಿತು ಹೋಗುತ್ತದೆ. ಡಬ್ಬಿ ತೆಗೆದರೆ ವಿನೆಗರ್ ವಾಸನೆ ಮುಖಕ್ಕೆ ಬಡಿಯುತ್ತದೆ, ಆಮೇಲೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ನಾನು ಮುಚ್ಚಳ ಎತ್ತಿ ಮೂಗು ಹತ್ತಿರ ಒಯ್ದೆ. ವಾಸನೆಯೇ ಇಲ್ಲ. ಸುರುಳಿ ಗರಿಗರಿಯಾಗಿ, ನೆಟ್ಟಗೆ ಇತ್ತು. ಮಳೆ ಕಾಣದ ಸೀಮೆ ಅಂತ ಪಾವಗಡವನ್ನು ಆಡಿಕೊಳ್ಳುವವರು ಒಂದು ಸಲ ಬಂದು ಆ ಡಬ್ಬಿ ನೋಡಬೇಕಿತ್ತು. ನಮ್ಮ ಸೀಮೆಯ ಒಣಗಾಳಿ ಏನನ್ನು ಕಾಪಾಡಿದೆ ಅಂತ ನನಗೆ ಹೆಮ್ಮೆಯಿಂದ ಎದೆ ಉಬ್ಬಿತು.

"ಆ ರಾಶಿ ಸೀನ್ ಬಂತು ಅಂದ್ರೆ ಟೆಂಟ್‌ನಾಗೆ ಕಡ್ಲೇಕಾಯಿ ಸುಲಿಯೋ ಸದ್ದೂ ನಿಂತೋಗ್ತಿತ್ತಮ್ಮಾ," ಅಂದರು ಲಕ್ಷ್ಮೀದೇವಮ್ಮ. "ಮಾ ನಾಯ್ನ, ನಮ್ಮಪ್ಪ, ಸಿನಿಮಾ ಮಿಷನ್ ಸದ್ದು ಕೇಳ್ಬಾರ್ದು ಅಂತ ಅದರ್ಮೇಲೆ ಕಂಬ್ಳಿ ಹೊದಿಸ್ತಿದ್ದ."

ಡಬ್ಬಿ ಕೊಡಲು ಮಾತ್ರ ಹಿಂದೆ ಮುಂದೆ ನೋಡಿದರು. ಅಪ್ಪ ಯಾರಿಗೂ ಕೊಟ್ಟಿರಲಿಲ್ಲವಂತೆ. ಫಯಾಜ್ ಅವರ ಮುಂದೆ ನೆಲದ ಮೇಲೆ ಕೂತು, "ಅಮ್ಮಾ, ಕೆಲಸ ಮುಗಿದ ದಿನ ನಾನೇ ತಂದು ಈ ವಾಡೆಯಲ್ಲೇ ಇಡ್ತೀನಿ, ಖುದಾ ಕಸಂ," ಅಂದ. ಅವರು ಮೇಲಿನ ಡಬ್ಬಿಗೆ ಅರಿಶಿನ ಕುಂಕುಮ ಹಚ್ಚಿ ಕೊಟ್ಟರು.

ಫಿಲ್ಮಿನ ಅಂಚಿನಲ್ಲಿ ಸದ್ದು ಗೆರೆಯಾಗಿ ಇರುತ್ತದೆ. ಸದ್ದು ಇದ್ದಲ್ಲಿ ಗೆರೆ ನಡುಗುತ್ತದೆ, ಇಲ್ಲದಲ್ಲಿ ನೆಟ್ಟಗೆ ಹೋಗುತ್ತದೆ. ಫಯಾಜ್ ಆ ಜಾಗವನ್ನು ಭೂತಗನ್ನಡಿಯಲ್ಲಿ ತೋರಿಸಿದ. ಸಂಗೀತದ ಗೆರೆ ನಿಧಾನವಾಗಿ ಸಣ್ಣದಾಗಿ ಮುಗಿಯುತ್ತಿತ್ತು. ಹರಿದದ್ದಲ್ಲ, ಅಳಿದದ್ದಲ್ಲ, ಬೇಕೆಂದೇ ನಿಲ್ಲಿಸಿದ್ದು. ಆಮೇಲೆ ಒಂದು ಪುಟ್ಟ ನಡುಕ, ತಿಮ್ಮಣ್ಣನ ಮಾತು. ಅದರ ಮುಂದೆಯೂ ಗೆರೆ ಪೂರ್ತಿ ನೆಟ್ಟಗಿರಲಿಲ್ಲ, ಸಣ್ಣಗೆ ಕಂಪಿಸುತ್ತಿತ್ತು. ಕೇಳಿಸಿದ. ಸುಯ್ಯ್ ಅಂತ ಮೆಲ್ಲಗೆ ಏನೋ ಸುರಿಯುವ ಸದ್ದು.

"ಆ ಸಾಫ್ಟ್‌ವೇರ್ ಆಗಿದ್ರೆ ಇದನ್ನ ಬಿಲ್ಕುಲ್ ಒರೆಸಿಬಿಡ್ತಿತ್ತು," ಅಂದ ಫಯಾಜ್. "ಫಿಲ್ಮಿನ ಸುಯ್‌ಗುಟ್ಟೋ ಸದ್ದಿಗೂ ಇದಕ್ಕೂ ಅದಕ್ಕೆ ಫರಕು ಗೊತ್ತಾಗಲ್ಲ." ಕೊಳಗಕ್ಕೆ ರಾಗಿ ಬೀಳುವ ಸದ್ದು ಅದು. ಸಾಫ್ಟ್‌ವೇರ್ ಹೊಟ್ಟನ್ನು ಧೂಳು ಅಂದ ಹಾಗೆ, ಸಿ.ಡಿ. ಮಾಡಿದವರು ರಾಗಿಯನ್ನು ಗದ್ದಲ ಅಂದಿದ್ದರು.

ಪ್ರಶಾಂತನಿಗೆ ಕೇಳಿಸಿದೆವು. ಆಧಾರವನ್ನು ಒಪ್ಪಿದ. ಆದರೂ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಜಾತಿ ಅವನದು. ಪಿಟೀಲು ಇರುವುದನ್ನೇ ಮುಂದಿಟ್ಟು, ಬೇಕಾದವರಿಗೆ ಮೂಲ ಧ್ವನಿಯನ್ನು ಮೆನುವಿನಲ್ಲಿ ಎರಡನೆಯದಾಗಿ ಕೊಡೋಣ ಅಂದ. ಮೆನುವಿನೊಳಗೆ ಹೋಗಿ ಹುಡುಕುವವರು ನಾನು, ನೀನು, ಫಯಾಜ್, ಮೂರೇ ಜನ ಅಂದೆ. ತಿಮ್ಮಣ್ಣನ ಮನೆಯಲ್ಲಿ ಡಿಸ್ಕ್ ಹಾಕಿದರೆ ಮತ್ತೆ ಪಿಟೀಲೇ ಬರುತ್ತದೆ, ಮತ್ತೆ ಬೀದಿಯೆಲ್ಲ ನಗುತ್ತದೆ. ಜೋರಾಗಿಯೇ ಜಗಳವಾಯಿತು. ಕೊನೆಗೆ, ಒಂದು ಸಲ ಆ ಊರಿಗೆ ಬಾ, ಆಮೇಲೆ ನೀನು ಹೇಳಿದಂತೆ ಮಾಡು ಅಂದೆ. ಅವನು ಒಪ್ಪಿದ.

ತಿಮ್ಮಣ್ಣನ ಮನೆಯವರೂ ಈಗ ಮಿಷನ್ನಿನಲ್ಲೇ ಒಕ್ಕುವುದು. ಆದರೂ ಒಂದು ಪುಟ್ಟ ರಾಶಿಯನ್ನು ಮಾತ್ರ ಹಳೆಯ ಕ್ರಮದಲ್ಲೇ ಕಣದಲ್ಲಿ ಅಳೆಯುತ್ತಾರೆ. ನಾವು ಹೋದ ಬೆಳಿಗ್ಗೆ ಕಣ ಸಾರಿಸಿ, ರಾಶಿಯ ನೆತ್ತಿಯ ಮೇಲೆ ಸಗಣಿಯ ಬೆನಕಪ್ಪನನ್ನು ಇಟ್ಟಿದ್ದರು. ಪ್ರಶಾಂತ್ ಕಣದ ಅಂಚಿನಲ್ಲಿ ನಿಂತು, ಗಿರಾಕಿ, ಮೆನು, ಎರಡನೇ ಟ್ರ್ಯಾಕ್ ಅಂತ ನನ್ನ ಜೊತೆ ವಾದ ಮಾಡುತ್ತಲೇ ಇದ್ದ. ತಿಮ್ಮಣ್ಣ ಪೂರ್ವಕ್ಕೆ ಮುಖ ಮಾಡಿ ಮಂಡಿಯೂರಿದ. ನಾನು ಬಾಯಿ ಮುಚ್ಚಿದೆ. ಪ್ರಶಾಂತ್ ಇನ್ನೂ ಮಾತಾಡುತ್ತಿದ್ದ. ಯಾರೂ ಅವನನ್ನು ಗದರಲಿಲ್ಲ, ಯಾರೂ ಉತ್ತರವನ್ನೂ ಕೊಡಲಿಲ್ಲ. ಅವನ ಮಾತು ತಾನಾಗಿಯೇ ತಗ್ಗಿ, ಅರ್ಧ ವಾಕ್ಯದಲ್ಲಿ ನಿಂತಿತು. ಬಗ್ಗಿ ಬೂಟು ಬಿಚ್ಚಿಟ್ಟ.

ತಿಮ್ಮಣ್ಣ ಲಾಭ ಅಂದ. ಕೊಳಗದೊಳಗೆ ರಾಗಿ ಸುರಿಯಿತು. ಪಕ್ಕದ ಹುಣಸೆಮರದಲ್ಲಿ ಅಳಿಲು ಕೂಡ ಆ ಹೊತ್ತಿನಲ್ಲಿ ಸುಮ್ಮನಿತ್ತು.

ಅಳತೆ ಮುಗಿದ ಮೇಲೆ ಪ್ರಶಾಂತ್ ನನ್ನ ಹತ್ತಿರ ಬಂದು ಪಿಸುಮಾತಿನಲ್ಲಿ ಕೇಳಿದ, "ಈ ಸದ್ದೇನಾ ಆ ಟ್ರ್ಯಾಕಿನಲ್ಲಿರೋದು?"

"ಹೂಂ. ನಿನ್ನ ಪಿಟೀಲಿನ ಕೆಳಗೆ."

ಅವನು ಬೂಟು ಹಾಕಿಕೊಂಡು ಲೇಸು ಕಟ್ಟಿದ. ಆಮೇಲೆ, "ಪಿಟೀಲು ಬೇಡ. ಡಿಸ್ಕಿನಲ್ಲಿ ಎಲ್ಲೂ ಬೇಡ. ಆದರೆ ಮೊದಲಲ್ಲಿ ಒಂದು ಮಾತು ಬರೀಬೇಕು," ಅಂದ. ಆ ಡಿಸ್ಕ್ ಹಾಕಿದವರಿಗೆಲ್ಲ ಇವತ್ತಿಗೂ ಚಿತ್ರ ಶುರುವಾಗುವ ಮೊದಲು ಅವನೇ ಬರೆದ ಎರಡು ಸಾಲು ಕಾಣುತ್ತವೆ: ‘ರಾಶಿಯ ದೃಶ್ಯದಲ್ಲಿ ಸಂಗೀತ ನಿಲ್ಲುತ್ತದೆ. ನಿಮ್ಮ ಟಿ.ವಿ. ಸರಿಯಾಗಿಯೇ ಇದೆ.’ ಅಷ್ಟು ಚೆನ್ನಾಗಿ ನನಗೂ ಬರೆಯಲು ಆಗುತ್ತಿರಲಿಲ್ಲ.

ಚಿಕ್ಕ ಪ್ರಿಂಟಿನಿಂದ ಲಾಭ ಅನ್ನುವ ಮಾತನ್ನೂ ರಾಗಿಯ ಸದ್ದನ್ನೂ ತೆಗೆದು ಫಯಾಜ್ ದೊಡ್ಡದಕ್ಕೆ ಸೇರಿಸಿದ. ಚಿತ್ರದ ಉಳಿದ ಸದ್ದಿಗಿಂತ ಅವು ಕೊಂಚ ಮಂದ. ಮೆರುಗು ಕೊಡಬಹುದಿತ್ತು, ಕೊಡಲಿಲ್ಲ. ಕೆಲಸ ಮುಗಿದ ದಿನವೇ ಡಬ್ಬಿಗಳನ್ನು ಕ್ಯಾತಗಾನಚೆರ್ಲುವಿಗೆ ಒಯ್ದು ವಾಡೆಯಲ್ಲಿ ಇಟ್ಟುಬಂದ. ಮೇಲಿನ ಡಬ್ಬಿಯ ಕುಂಕುಮ ಕೂಡ ಅಳಿಸಿರಲಿಲ್ಲ.

ಸಂಕ್ರಾಂತಿಯ ಮಾರನೆ ದಿನ ಡಿಸ್ಕಿನ ಪರೀಕ್ಷೆಯ ಪ್ರತಿ ಹಿಡಿದುಕೊಂಡು ಹಳ್ಳಿಗೆ ಹೋದೆವು. ಸಮುದಾಯ ಭವನದ ಕಿಟಕಿಗಳಿಗೆ ಕಂಬಳಿ ಕಟ್ಟಿ ಮಧ್ಯಾಹ್ನವನ್ನೇ ಕತ್ತಲು ಮಾಡಿದ್ದರು. ಊರಿಗೆ ಊರೇ ಬಂದಿತ್ತು. ತಿಮ್ಮಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದ. ಹಿಂದಿನಿಂದ ಯಾರೋ, "ತಿಮ್ಮಣ್ಣ, ಪಿಟೀಲು ತಂದಿದೀಯೇನಪ್ಪ," ಅಂದರು. ಅವನು ತಿರುಗಿಯೂ ನೋಡಲಿಲ್ಲ. ಭವನದ ತುಂಬ ನಗು.

ಚಿತ್ರದುದ್ದಕ್ಕೂ ಗದ್ದಲವೇ. ಅದು ನಮ್ಮತ್ತೆ, ಇದು ನಮ್ಮ ಎತ್ತು, ಅಗೋ ಬೆಟ್ಟ ಅಂತ ಕೂಗಾಟ. ಹೊಟ್ಟು ಹಾರಿದಾಗ ಮುದುಕಿಯೊಬ್ಬಳು ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ. ಧೂಳು ಬಿತ್ತು ಅನ್ನುವ ಹಾಗೆ ಒರೆಸಿಕೊಂಡಳು. ಬಿಟ್ಟ ಕಣ್ಣು ಬಿಟ್ಟಂತೆ ಒಂದೊಂದೇ ಚೌಕಟ್ಟನ್ನು ನೋಡುತ್ತಾ ಕಳೆದ ದಿನಗಳೆಲ್ಲ ಅಲ್ಲಿಗೆ ಸಾರ್ಥಕವಾದವು.

ರಾಶಿಯ ಮೇಲೆ ಬೆನಕಪ್ಪನನ್ನು ಇಟ್ಟರು. ಸಂಗೀತ ಮೆಲ್ಲಗೆ ನಿಂತಿತು. ಆ ಕತ್ತಲಲ್ಲಿ ಭವನದ ಗದ್ದಲವೂ ನಿಂತಿತು, ಯಾರೂ ಸುಮ್ಮನಿರಿ ಅಂತ ಹೇಳಲಿಲ್ಲ. ಹಿಂದೆ ಎಲ್ಲೋ ಚಪ್ಪಲಿ ಕಳಚಿದ ಸದ್ದು, ಆಮೇಲೆ ಇನ್ನೊಂದು, ಆಮೇಲೆ ಸಾಲುಸಾಲಾಗಿ. ಮೀಸೆ ಆಗತಾನೇ ಚಿಗುರಿದ ಹುಡುಗ ಕೊಳಗ ಎತ್ತಿ, ಲಾಭ ಅಂದ. ಗಟ್ಟಿಯಾದ, ಸ್ವಲ್ಪ ಹೆದರಿದ, ಬೆಟ್ಟದ ಸೀಮೆಯ ದನಿ. ರಾಗಿ ಸುರಿಯಿತು. ಆ ದೃಶ್ಯ ಮುಗಿಯುವವರೆಗೆ ಭವನದಲ್ಲಿ ಒಬ್ಬರೂ ಕೆಮ್ಮಲಿಲ್ಲ.

ಚಿತ್ರ ಮುಗಿದು ಕಂಬಳಿ ಇಳಿಸಿದಾಗ ಎಲ್ಲರೂ ತಿಮ್ಮಣ್ಣನನ್ನೇ ನೋಡುತ್ತಿದ್ದರು. ಪಿಟೀಲಿನ ಮಾತು ಎತ್ತಿದ್ದವನೇ ಎದ್ದು ಬಂದು ಅವನ ಕೈ ಹಿಡಿದುಕೊಂಡ. "ತಿಮ್ಮಣ್ಣ, ಈಗ ಏನಾರಾ ಹೇಳಪ್ಪ. ಇವತ್ತು ನೀನ್ ಏನ್ ಹೇಳುದ್ರೂ ಕೇಳ್ತೀವಿ."

ಇಷ್ಟು ವರ್ಷ ಕೇಳಿದವರಿಗೂ ಕೇಳದವರಿಗೂ ಹೇಳುತ್ತಲೇ ಬಂದಿದ್ದ ಮನುಷ್ಯ ಮೀಸೆ ತೀಡಿದ.

"ನಾನೇನ್ಲಾ ಹೇಳ್ಲಿ," ಅಂದ. "ಹೇಳಾದ್ನ ಅವತ್ತೇ ಹೇಳ್ಬುಟ್ಟಿದೀನಿ."

ಆಮೇಲೆ ಬಗ್ಗಿ, ಊರವರೆಲ್ಲ ಬಿಚ್ಚಿಟ್ಟ ಚಪ್ಪಲಿಗಳ ನಡುವೆ ತನ್ನ ಜೋಡನ್ನು ಹುಡುಕತೊಡಗಿದ.